ನಲವತ್ತಮೂರು ಡಿಗ್ರಿ

ಈ ಊರಿನ ಬಿಸಿಲಿಗೂ ಒಣಮೆಣಸಿನಕಾಯಿಗೂ
ಬಾಗಿಲು ಒಂದೇ.
ಮಾತಿನ ಚಂದಕ್ಕೆ ಹೇಳುತ್ತಿಲ್ಲ.
ನರದ ತುದಿಗೆ, ಕೋಶದ ಎಣ್ಣೆಗೋಡೆಯಲ್ಲಿ
ನಾಲ್ಕು ಹಲಗೆ ಕೂಡಿಸಿದ ಬಾಗಿಲೊಂದು ನಿಜಕ್ಕೂ ಇದೆ.
ನಲವತ್ತಮೂರು ಡಿಗ್ರಿಗೆ ತಾನೇ ತೆರೆದುಕೊಳ್ಳುತ್ತದೆ,
ಖಾರದ ಅಣು ಬಂದು ಒಳಮೈಗೆ ಒರಗಿದರೂ ತೆರೆದುಕೊಳ್ಳುತ್ತದೆ.
ಬಂದವರು ಯಾರೆಂದು ಮೇಲಕ್ಕೆ ಹೇಳುವುದಿಲ್ಲ.
ಉರಿ, ಎನ್ನುತ್ತದೆ, ಅಷ್ಟೇ.

ಮೇ ತಿಂಗಳ ಬಳ್ಳಾರಿಯಲ್ಲಿ
ಮಿರ್ಚಿ ಬಂಡಿಯ ಮುಂದೆ ನಿಂತವರು
ಎರಡನ್ನೂ ಒಂದೇ ಕಾಗದದಲ್ಲಿ ಸುತ್ತಿಸಿಕೊಂಡು ತಿನ್ನುತ್ತಾರೆ,
ಮೂಗು ಒರೆಸಿಕೊಂಡು ಇನ್ನೊಂದು ಕೇಳುತ್ತಾರೆ.

ನಮ್ಮ ಲ್ಯಾಬಿನ ಕಿಟಕಿ ತುಂಬ ಕೋಟೆಗುಡ್ಡದ ಬಂಡೆ.
ತಟ್ಟೆಯೊಳಗಿನ ಕೋಶಗಳು ಈ ಕಡೆಯವಲ್ಲ,
ಐವತ್ತು ವರ್ಷದ ಹಿಂದೆ, ಕಡಲಾಚೆ,
ಹುಟ್ಟದೆ ಹೋದ ಯಾವುದೋ ಕೂಸಿನ ಮೂತ್ರಪಿಂಡದವು,
ಇನ್ನೂ ಸಾಯಲೊಲ್ಲವು.
ಖಾರವೆಂದರೇನೆಂದು ಅವಕ್ಕೆ ತಿಳಿಯದು.
ಬುಧವಾರ ಸಂಜೆ ಆ ಬಾಗಿಲಿನ ನಕಾಶೆಯನ್ನು ಒಳಗೆ ತೂರಿಸುತ್ತೇವೆ.
ಶುಕ್ರವಾರ ಬೆಳಿಗ್ಗೆ ಅವು ಬಳ್ಳಾರಿಯವು.
ಒಂದು ಹನಿ ಸಾರ ಬಿಟ್ಟದ್ದೇ
ಸುಣ್ಣದ ಕಣ ಒಳನುಗ್ಗಿ
ಕತ್ತಲಲ್ಲಿ ಒಂದೊಂದೇ ಹಸಿರಾಗಿ ಹೊತ್ತಿಕೊಳ್ಳುತ್ತವೆ.

ಅಟೆಂಡರ್ ಎರಿಸ್ವಾಮಿ ಕಣ್ಣಿಟ್ಟು ಬಹಳ ಹೊತ್ತು ನೋಡಿದ.
"ಅಳಾಕ ಹತ್ಯಾವೇನ್ರಿ ಮೇಡಂ?"
ಇದನ್ನು ನಾನು ಎಲ್ಲೂ ಬರೆದುಕೊಳ್ಳಲಿಲ್ಲ.
ಅಂಥದಕ್ಕೆ ಕಾಲಂ ಇರುವುದಿಲ್ಲ.

ಕುರುಗೋಡು ರಸ್ತೆಯ ಕೋಲ್ಡ್ ಸ್ಟೋರೇಜಿನ ಹಿಂದೆ
ಕೆಂಪು ರಾಶಿಯ ಸುತ್ತ ತೊಟ್ಟು ಮುರಿಯುವ ಹೆಂಗಸರು.
ಮೂಗಿಗೆ ಸೆರಗು, ಬೆರಳಿಗೆ ಏನೂ ಇಲ್ಲ.
ನಾನು ಕೆಮ್ಮುತ್ತ, ಕೆಮ್ಮುತ್ತ, ಸಮ್ಮತಿಪತ್ರ ಓದಿ ಹೇಳಿದೆ.
ರಿಸೆಪ್ಟರಿಗೆ ಕನ್ನಡದಲ್ಲಿ ಗ್ರಾಹಕ ಎಂದು ಬರೆಸಿದ್ದೆ.
ಸುಂಕ್ಲಮ್ಮ ಕೈ ನಿಲ್ಲಿಸದೆ ಕೇಳಿದಳು:
"ಗಿರಾಕಿನಾ? ನನ್ನ ಕೈಯಾಗ?
ಏನು ಕೊಳ್ತಾನವ್ವ ಅವ?"
ಉರಿ, ಅಂದೆ.
"ಹಂಗಾರ ಆ ಅಂಗಡಿ ಮುಚ್ಚಿ ಭಾಳ ದಿನ ಆತು."

ಸುತ್ತ ಕೂತವರೆಲ್ಲ ನಕ್ಕರು, ಒಬ್ಬಳು ಸೀನಿದಳು.

ಅವಳ ತೋರುಬೆರಳಿಗೆ ಬಿಸಿಬಿಲ್ಲೆ ಒತ್ತಿ
ಉರಿ ಅನ್ನಿಸಿದ ಕೂಡಲೇ ಹೇಳು ಎಂದೆ.
ನಲವತ್ತಮೂರು. ನಲವತ್ತೈದು. ಅವಳು ರಾಶಿ ನೋಡುತ್ತಿದ್ದಳು.
ನಲವತ್ತೆಂಟಕ್ಕೆ ನನಗೇ ಬೆವರು.
ಐವತ್ತಕ್ಕೆ ಯಂತ್ರ ತಾನಾಗಿ ನಿಂತಿತು, ನಿಯಮ ಹಾಗಿದೆ.
"ಚಾಲೂ ಮಾಡಿದೇನು?" ಎಂದಳು.

ಹಗಲಿಡೀ ಬಡಿದರೆ ಬಾಗಿಲು ಕೆಪ್ಪಾಗುತ್ತದೆ,
ನರವೇ ಬೆರಳಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ.
ಸಕ್ಕರೆ ಕಾಯಿಲೆಯವರ ಅಂಗಾಲು ರಾತ್ರಿ ಉರಿಯುತ್ತದಲ್ಲ,
ಅವರಿಗೊಂದು ಮುಲಾಮು ಮಾಡಬೇಕೆಂಬುದು ನಮ್ಮ ಯೋಜನೆ:
ಇವಳಿಗೆ ಇಪ್ಪತ್ತು ವರ್ಷದಲ್ಲಿ ಆದದ್ದು
ಅವರಿಗೆ ಮೂರು ವಾರದಲ್ಲಿ ಆಗಬೇಕು,
ಅಳತೆಯಲ್ಲಿ, ಟ್ಯೂಬಿನಲ್ಲಿ, ಮುಚ್ಚಳ ಹಾಕಿ.
ಅನುದಾನದ ಅರ್ಜಿಯಲ್ಲಿ ಅವಳ ಹೆಸರು ಎಸ್-ಹನ್ನೊಂದು.

ಹೊರಡುವಾಗ ಮೊಮ್ಮಗಳು ಬಂದು ತೊಡೆಗೆ ಒರಗಿತು.
ಸುಂಕ್ಲಮ್ಮ ಮುಟ್ಟಲಿಲ್ಲ.
ಎರಡೂ ಕೈ ಗಾಳಿಯಲ್ಲಿ ಎತ್ತಿ ಹಿಡಿದು
ಶೇಂಗಾ ಎಣ್ಣೆಯ ಶೀಸೆ ಎಲ್ಲಿ ಎಂದು ಹುಡುಕಿದಳು.
ನೀರಿಗೆ ಹೋಗುವುದಿಲ್ಲ ಅದು, ಎಣ್ಣೆಗೆ ಹೋಗುತ್ತದೆ.
ನಾನು ರಸಾಯನದ ಪುಸ್ತಕದಲ್ಲಿ ಓದಿದ್ದೆ.
ತಿಕ್ಕಿ, ತಿಕ್ಕಿ, ಸೀಗೆಪುಡಿ ಹಚ್ಚಿ ತೊಳೆದಮೇಲೂ
ಮೊಣಕೈಯಿಂದ ಕೂಸನ್ನು ನನ್ನ ಕಡೆ ದೂಡಿದಳು:
"ಹಣಿ ಮುಟ್ಟಿ ನೋಡವ್ವ, ಜ್ವರ ಐತೇನು.
ನನ್ನ ಕೈಗೆ ತಿಳಿಯಂಗಿಲ್ಲ."

ಗ್ಲೌಸು ತೆಗೆದು ಮುಟ್ಟಿದೆ.
ಐತಿ, ಅಂದೆ. ಎಷ್ಟು ಎಂದು ಅವಳು ಕೇಳಲಿಲ್ಲ.
ಚೀಲದಲ್ಲಿನ ಯಂತ್ರಕ್ಕೂ ಹಣೆಗೂ ಸಂಬಂಧವಿರಲಿಲ್ಲ.

ಬಸ್ಸಿನಲ್ಲಿ ಹಾಳೆ ತಿರುವಿ ಲೆಕ್ಕ ಹಾಕುತ್ತಿದ್ದೆ.
ಹನ್ನೊಂದನೇ ಹಾಳೆಯ ತಳಕ್ಕೆ ಹೆಬ್ಬೆಟ್ಟು,
ಗೆರೆ ಸವೆದು, ನೀಲಿ ಶಾಯಿಯ ಒಂದು ಮಬ್ಬು ಕಲೆ.
ಅದರ ಮೇಲೆ ಬೆರಳಾಡಿಸಿ, ಮರೆತು, ಕಣ್ಣುಜ್ಜಿಕೊಂಡೆ.

ಕಪ್ಪಗಲ್ಲಿನ ತಿರುವಿನವರೆಗೂ ಕಣ್ಣು ಬಿಡಲಾಗಲಿಲ್ಲ.
ಕಂಡಕ್ಟರ್ ಕೇಳಿದ, ಯಾಕ್ರಿ ಅಕ್ಕಾರೆ, ಏನಾತು?
ಬಾಗಿಲಿಗೆ ಗೊತ್ತಿರಲಿಲ್ಲ ಬಂದವರು ಯಾರೆಂದು.
ನನಗೆ ಗೊತ್ತಿತ್ತು.
ಖಾರ, ಅಂದೆ.